ಡಬ್ಬಿಯ ಮೇಲೆ ‘ಸಾವಯವ’ ಎಂದಿದ್ದರೆ ನಾಯಿಗೆ ಸುರಕ್ಷಿತವೇ?

“ನೂರಕ್ಕೆ ನೂರು ಸಾವಯವ, ಅಡ್ಡ ಪರಿಣಾಮ ಇಲ್ಲವೇ ಇಲ್ಲ, ನಿಮ್ಮ ನಾಯಿಗೆ ದಿನಕ್ಕೊಂದು ಚಮಚ ಕೊಡಿ.” ಇಂಥ ಸಂದೇಶ ನಿಮ್ಮ ವಾಟ್ಸ್ಯಾಪ್ ಗುಂಪಿಗೂ ಬಂದಿರಬಹುದು. ಜೊತೆಗೆ ಹಸಿರು ಎಲೆಯ ಚಿತ್ರ, ಹೊಳೆಯುವ ಮೈಯ ನಾಯಿಯ ಫೋಟೊ. ಸಾಕುಪ್ರಾಣಿಗಳ ಪೂರಕ ಆಹಾರದಲ್ಲಿ ಸಾವಯವ ಪದಾರ್ಥ ಇರುವುದು ಒಳ್ಳೆಯದೇ? ಕೆಲವು ಸಂದರ್ಭಗಳಲ್ಲಿ ಹೌದು. ಆದರೆ ಆ ಒಂದು ಪದ ನಂಬಿ ಡಬ್ಬಿ ತೆರೆಯುವುದು ಬೇರೆ ವಿಷಯ. ಅದನ್ನು ತಿಳಿಯಲು ದೂರ ಹೋಗಬೇಕಿಲ್ಲ, ವಿಜಯಪುರ ಜಿಲ್ಲೆಯ ದ್ರಾಕ್ಷಿ ತೋಟದ ತನಕ ಹೋದರೆ ಸಾಕು.

ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆ ತೋಟದ ಮನೆಗೊಂದು, ಕುರಿ ದಡ್ಡಿಗೊಂದು ನಾಯಿ ಇದ್ದೇ ಇರುತ್ತದೆ. ಇದೇ ಜಿಲ್ಲೆ ದ್ರಾಕ್ಷಿಗೂ ಹೆಸರುವಾಸಿ. ಸುಮಾರು ನಾಲ್ಕು ಕಿಲೊ ಹಣ್ಣು ಒಣಗಿದರೆ ಒಂದು ಕಿಲೊ ಮಣೂಕ, ಅಂದರೆ ಒಣದ್ರಾಕ್ಷಿ. ಬಾಣಂತಿಗೆ, ಮಕ್ಕಳಿಗೆ, ರಕ್ತ ಕಡಿಮೆ ಇದ್ದವರಿಗೆ ಇದನ್ನು ಕೊಡುವ ರೂಢಿಯಿದೆ. ಹಾಗಾದರೆ ಸೊರಗಿದ ನಾಯಿಗೂ ಒಂದು ಹಿಡಿ ಹಾಕೋಣ, ಅದೂ ಔಷಧ ಸಿಂಪಡಿಸದ ತೋಟದ್ದು ಎಂದು ಯಾರಿಗಾದರೂ ಅನಿಸುವುದು ಸಹಜ.

ಇಲ್ಲೇ ಅಪಾಯ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ, ಆಮೇಲೆ ನಾಯಿ ಮಂಕಾಗಿ ಮಲಗುತ್ತದೆ. ಒಂದೆರಡು ದಿನದಲ್ಲಿ ಮೂತ್ರ ಕಡಿಮೆಯಾಗಿ, ಕೆಲವು ನಾಯಿಗಳಲ್ಲಿ ನಿಂತೇ ಹೋಗುತ್ತದೆ. ಒಂದು ನಾಯಿ ಹಿಡಿಯಷ್ಟು ತಿಂದೂ ಬದುಕುತ್ತದೆ, ಇನ್ನೊಂದಕ್ಕೆ ನಾಲ್ಕಾರು ಹಣ್ಣೇ ಸಾಕಾಗುತ್ತದೆ. ಹಾಗಾಗಿ ಇಷ್ಟು ಕೊಟ್ಟರೆ ಪರವಾಗಿಲ್ಲ ಎಂಬ ಲೆಕ್ಕವೇ ಇಲ್ಲ. ಕಾರಣ ಏನೆಂಬುದು ಬಹಳ ಕಾಲ ಒಗಟಾಗಿತ್ತು. ಕೀಟನಾಶಕವೇ, ಬೂಷ್ಟಿನ ವಿಷವೇ ಎಂದೆಲ್ಲ ಅನುಮಾನ ಪಟ್ಟದ್ದುಂಟು. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಈಗ ಹೆಚ್ಚಿನವರು ಒಪ್ಪುವ ವಿವರಣೆ ಅದೇ. ಈ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ, ಹುಣಸೆ ತಿಂದ ನಾಯಿಗಳಲ್ಲೂ ಇದೇ ಬಗೆಯ ತೊಂದರೆ ಕಂಡಿದೆ. ಮುಖ್ಯ ಸಂಗತಿ ಏನೆಂದರೆ, ಈ ಆಮ್ಲವನ್ನು ಯಾರೂ ಸಿಂಪಡಿಸುವುದಿಲ್ಲ, ಬಳ್ಳಿಯೇ ತಯಾರಿಸುತ್ತದೆ. ಬೇಸಾಯ ಎಷ್ಟೇ ಸಾವಯವವಾಗಿರಲಿ, ಅದು ಹಣ್ಣಿನಲ್ಲಿ ಇದ್ದೇ ಇರುತ್ತದೆ.

ಅಂದರೆ ‘ಸಾವಯವ’ ಎಂಬುದು ಹೊಲದ ಬಗ್ಗೆ ಹೇಳುವ ಮಾತು. ರಾಸಾಯನಿಕ ಗೊಬ್ಬರ, ಕೀಟನಾಶಕ ಹಾಕದೆ ಬೆಳೆದಿದ್ದಾರೆ ಎಂದಷ್ಟೇ ಅದರ ಅರ್ಥ. ನಾಯಿಯ ಹೊಟ್ಟೆಗೆ ಹೋದಮೇಲೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ಬೆಳ್ಳುಳ್ಳಿಯದ್ದೂ ಇದೇ ಕಥೆ. ಬೆಳ್ಳುಳ್ಳಿ ತಿನ್ನಿಸಿದರೆ ಉಣ್ಣಿ ಹತ್ತುವುದಿಲ್ಲ ಎಂಬ ಸಂದೇಶ ಓಡಾಡುತ್ತಲೇ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿ ಮತ್ತು ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಉಣ್ಣಿ ಜ್ವರದಿಂದ ಮೊದಲೇ ರಕ್ತಹೀನವಾಗಿರುವ ನಾಯಿಗೆ ಅದನ್ನೇ ಮದ್ದೆಂದು ಕೊಟ್ಟರೆ ಗಾಯಕ್ಕೆ ಉಪ್ಪು ಸುರಿದಂತೆ.

ಇನ್ನೊಂದು ಗೊಂದಲ ಈ ಪದದಲ್ಲೇ ಇದೆ. ಶಾಲೆಯಲ್ಲಿ ನಾವೆಲ್ಲ ಓದಿದ ‘ಸಾವಯವ ರಸಾಯನಶಾಸ್ತ್ರ’ ಕೊಟ್ಟಿಗೆ ಗೊಬ್ಬರದ ಪಾಠವಲ್ಲ, ಇಂಗಾಲದ ಸಂಯುಕ್ತಗಳ ಪಾಠ. ಪಶು ಆಹಾರದ ಡಬ್ಬಿಗಳ ಮೇಲೆ ಬರೆಯುವ ‘ಆರ್ಗ್ಯಾನಿಕ್ ಜಿಂಕ್’, ‘ಆರ್ಗ್ಯಾನಿಕ್ ಮಿನರಲ್ಸ್’ ಈ ಎರಡನೆಯ ಅರ್ಥದವು. ಸತುವನ್ನು ಅಮೈನೊ ಆಮ್ಲದಂಥ ವಸ್ತುವಿಗೆ ಜೋಡಿಸಿ ಕಾರ್ಖಾನೆಯಲ್ಲಿ ತಯಾರಿಸಿದ್ದಾರೆ ಎಂದರ್ಥ. ಅದರಲ್ಲಿ ಮೋಸವೇನಿಲ್ಲ, ಆದರೆ ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಸಾವಯವ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ನಾವು ದಿನಕ್ಕೊಂದು ಬಗೆಯ ಅಡುಗೆ ಉಣ್ಣುತ್ತೇವೆ. ನಾಯಿ ಒಂದೇ ಚೀಲದ ಆಹಾರವನ್ನು ತಿಂಗಳುಗಟ್ಟಲೆ ತಿನ್ನುತ್ತದೆ. ಅದರಲ್ಲಿ ಕೀಟನಾಶಕದ ಶೇಷಾಂಶವಿದ್ದರೆ ಅದೂ ದಿನದಿನವೂ ಒಳಗೆ ಹೋಗುತ್ತದೆ. ಸೊಪ್ಪು, ತರಕಾರಿ, ಧಾನ್ಯದ ಪುಡಿಗಳಲ್ಲಿ ಈ ಶೇಷಾಂಶ ಕಡಿಮೆ ಇರುವುದು ಒಳ್ಳೆಯದೇ, ಅಲ್ಲಿ ಸಾವಯವಕ್ಕೆ ನಾವೂ ಅಂಕ ಕೊಡುತ್ತೇವೆ. ಆದರೆ ಧಾನ್ಯಕ್ಕೆ ಬೂಷ್ಟು ಹಿಡಿದರೆ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸಾವಯವ ಮುದ್ರೆ ತಡೆಯಲಾರದು. ಅಮೆರಿಕದಲ್ಲಿ 2020ರ ಕೊನೆಗೆ ಈ ವಿಷ ಬೆರೆತ ನಾಯಿ ಆಹಾರವನ್ನು ಮಾರುಕಟ್ಟೆಯಿಂದ ಹಿಂಪಡೆದರು. 2021ರ ಜನವರಿ ಹೊತ್ತಿಗೆ, ಆ ಆಹಾರ ತಿಂದು 110ಕ್ಕೂ ಹೆಚ್ಚು ನಾಯಿಗಳು ಸತ್ತಿರುವ ವರದಿಗಳು ಅಲ್ಲಿನ ಎಫ್‌ಡಿಎಗೆ ಬಂದಿದ್ದವು. ಮೀನೆಣ್ಣೆಯಲ್ಲಂತೂ ನೋಡಬೇಕಾದದ್ದು ಎಣ್ಣೆ ಕಮಟಿದೆಯೇ ಎಂಬುದನ್ನು. ವಿಜಯಪುರದ ಬೇಸಿಗೆಯಲ್ಲಿ ಕಿಟಕಿ ಪಕ್ಕ ಇಟ್ಟ ಬಾಟಲಿ ಬೇಗ ಕೆಡುತ್ತದೆ.

ಕಾನೂನಿನ ಮಾತೂ ಒಂದಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ‘ಆಹಾರ’ ಎಂಬುದರ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಟ್ಟಿದೆ. ಎಫ್‌ಎಸ್‌ಎಸ್‌ಎಐನ ‘ಜೈವಿಕ್ ಭಾರತ್’ ಮುದ್ರೆ ಮನುಷ್ಯರು ತಿನ್ನುವ ಪದಾರ್ಥಕ್ಕೆ ಇರುವುದು. ನಾಯಿಯ ಡಬ್ಬಿಯ ಮೇಲಿನ ಹಸಿರು ಎಲೆ ಬರೀ ಅಲಂಕಾರವೂ ಇರಬಹುದು.

ಎಷ್ಟೋ ನಾಯಿಗಳಿಗೆ ಪೂರಕವೇ ಬೇಕಿರುವುದಿಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. ಓಟಕ್ಕೆಂದೇ ಇರುವ ತಳಿ, ಮೈ ತೆಳ್ಳಗೆ, ಪಕ್ಕೆಲುಬು ತುಸು ಕಾಣುವುದು ಅದರ ಸಹಜ ರೂಪ. ಹೊಸದಾಗಿ ಸಾಕಿದವರು ಪಾಪ, ಸೊರಗಿದೆ ಎಂದು ತೂಕ ಹೆಚ್ಚಿಸುವ ಪುಡಿ ತರುತ್ತಾರೆ. ದೊಡ್ಡದಾಗಿ ಬೆಳೆಯುವ ತಳಿಗಳ ಮರಿಗಳಿಗೆ ಸಮತೋಲಿತ ಆಹಾರದ ಮೇಲೆ ಕ್ಯಾಲ್ಸಿಯಂ ಸುರಿದರೆ ಮೂಳೆ ಗಟ್ಟಿಯಾಗುವ ಬದಲು ಸೊಟ್ಟಗಾಗಬಹುದು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ. ಈ ತಳಿಯ ಬಗ್ಗೆ ವಾಟ್ಸ್ಯಾಪ್ ಗುಂಪಿಗಿಂತ ಅಲ್ಲಿ ಕೇಳುವುದು ಮೇಲು.

ನಾಯಿ ಒಣದ್ರಾಕ್ಷಿ ತಿಂದಿದೆ ಎಂದು ಗೊತ್ತಾದರೆ ವಾಂತಿಯಾಗಲಿ ನೋಡೋಣ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಲೂಬೇಡಿ, ಹೆಚ್ಚು ಉಪ್ಪು ನಾಯಿಗೆ ಬೇರೆಯೇ ವಿಷ. ಎಷ್ಟು ತಿಂದಿದೆ, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು, ಈ ಮೂರನ್ನು ಬರೆದುಕೊಂಡು ತಕ್ಷಣ ಪಶುವೈದ್ಯರ ಬಳಿ ಹೋಗಿ. ತಿಂದದ್ದು ಪೂರಕದ ಪುಡಿಯಾದರೆ ಡಬ್ಬಿಯನ್ನೂ ಒಯ್ಯಿರಿ. ವೈದ್ಯರು ಓದುವುದು ಹಿಂಬದಿಯ ಸಣ್ಣ ಅಕ್ಷರಗಳನ್ನು.