ಮುಳ್ಳಿನ ಹಾದಿಗೆ ಗಾಲಿಯ ಕವಚ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ರಸ್ತೆಗಳಿಗೆ ಬಿಡುವೆಂಬುದಿಲ್ಲ. ಗೋದಾವರಿ ಸಂಸ್ಥೆಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಎತ್ತಿನ ಬಂಡಿಗಳೂ ಸಾಲುಗಟ್ಟಿ ಸಾಗುತ್ತವೆ. ಅವುಗಳ ಮಗ್ಗುಲಲ್ಲಿಯೇ ಪಾಳಿಗೆ ಹೊರಟ ಕಾರ್ಮಿಕನ ಸೈಕಲ್ಲೂ, ತೋಟದ ಮನೆಯಿಂದ ಶಾಲೆಗೆ ಹೊರಟ ಬಾಲಕಿಯ ಸೈಕಲ್ಲೂ ಹಾದಿ ಮಾಡಿಕೊಳ್ಳಬೇಕು. ದೊಡ್ಡ ವಾಹನಕ್ಕೆ ನಡುರಸ್ತೆ; ಸೈಕಲ್ಲಿಗೆ ಅಂಚು. ಗಾಳಿಯೂ ಓಡುವ ಚಕ್ರಗಳೂ ಸರಿಸಿ ತಳ್ಳಿದ ಮುಳ್ಳು, ಮೊಳೆ, ಗಾಜಿನ ಚೂರುಗಳೆಲ್ಲ ಬಂದು ಸೇರುವುದೂ ಅದೇ ಅಂಚಿನಲ್ಲಿ. ಬಡವನ ವಾಹನಕ್ಕೆ ಪಂಕ್ಚರ್ ಹೆಚ್ಚೇಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಉಳಿದರ್ಧ ಉತ್ತರವಿರುವುದು ಟೈರಿನಲ್ಲಿ. ಸೈಕಲ್ಲನ್ನು ಕೊಳ್ಳುವಾಗ ಬಣ್ಣವನ್ನೂ ಗಂಟೆಯನ್ನೂ ಬ್ರೇಕನ್ನೂ ನೋಡುವವರು ಟೈರನ್ನು ನೋಡುವುದು ಅಪರೂಪ. ಹಳೆಯದು ಸವೆದಾಗ ಅಂಗಡಿಯವನು ಕೊಟ್ಟುದೇ ಟೈರು. ಆದರೆ ನೆಲವನ್ನು ಮುಟ್ಟುವುದು ಅದೊಂದೇ. ಅದು ಸೋತರೆ ಉಳಿದುದೆಲ್ಲ ತಳ್ಳಿಕೊಂಡು ಹೋಗಬೇಕಾದ ಕಬ್ಬಿಣ.

ಶತ್ರುವಿನ ಪರಿಚಯ

ಕವಚವನ್ನು ಆರಿಸುವ ಮೊದಲು ಬಾಣವನ್ನು ಅರಿಯಬೇಕು. ಈ ಸೀಮೆಯಲ್ಲಿ ಸೈಕಲ್ಲಿನ ಶತ್ರುಗಳು ಮುಖ್ಯವಾಗಿ ಮೂರು.

ಮೊದಲನೆಯದು ನೆಗ್ಗಿನ ಮುಳ್ಳು. ಸಂಸ್ಕೃತದಲ್ಲಿ ಇದನ್ನು ಗೋಕ್ಷುರವೆನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಗೌರವದ ಸ್ಥಾನವುಂಟು. ನೆಲಕ್ಕೆ ಅಂಟಿಕೊಂಡು ಹರಡುವ ಈ ಬಳ್ಳಿಯ ಚಿಕ್ಕ ಹಳದಿ ಹೂವು ನೋಡಲು ಬಲು ಸಾಧು. ಆದರೆ ಕಾಯಿ ಒಣಗಿ ಐದು ಹೋಳಾಗುತ್ತದೆ. ಒಂದೊಂದು ಹೋಳಿಗೂ ಗಟ್ಟಿಯಾದ ಮುಳ್ಳುಗಳಿರುತ್ತವೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಸಮುದ್ರದಾಚೆಯ ಅಮೆರಿಕೆಯಲ್ಲಿಯೂ ಈ ಗಿಡ ಹಬ್ಬಿ, ಅಲ್ಲಿಯ ಜನ ಇದಕ್ಕೆ ‘ಪಂಕ್ಚರ್ ಬಳ್ಳಿ’ ಎಂದೇ ಹೆಸರಿಟ್ಟರು. ಇದರ ಕಾಟ ತಡೆಯಲಾರದೆ 1961ರಲ್ಲಿ, ಈ ಗಿಡದ ಬೀಜವನ್ನೂ ಕಾಂಡವನ್ನೂ ಕೊರೆದು ತಿನ್ನುವ ಸೊಂಡಿಲು ಹುಳುಗಳನ್ನು ಇಟಲಿಯಿಂದ ತರಿಸಿ ಬಿಡಬೇಕಾಯಿತೆಂದರೆ ಇದರ ಪ್ರತಾಪವನ್ನು ಊಹಿಸಬಹುದು.

ಎರಡನೆಯದು ಜಾಲಿ. ಕರಿ ಜಾಲಿಯ ನೀಳವಾದ ಬಿಳಿ ಮುಳ್ಳು ನಮ್ಮ ನಾಡಿಗೆ ಹಳೆಯದು. ಬಳ್ಳಾರಿ ಜಾಲಿಯಾದರೋ ಅಮೆರಿಕ ಖಂಡದಿಂದ ಬಂದು ಬಯಲುಸೀಮೆಯ ಬೀಳು ನೆಲವನ್ನೆಲ್ಲ ಆಕ್ರಮಿಸಿದ ಅತಿಥಿ. ಹೊಲದ ಬೇಲಿಗೆ ಮುಳ್ಳುಕೊಂಬೆಗಳನ್ನು ಎಳೆದೊಯ್ಯುವಾಗ ಉದುರಿದ ಮುಳ್ಳು ಹಾದಿಯಲ್ಲಿ ತಿಂಗಳುಗಟ್ಟಲೆ ಕಾದಿರುತ್ತದೆ.

ಮೂರನೆಯದು ಲೋಹ. ಎತ್ತಿನ ಗೊರಸಿನಿಂದ ಕಳಚಿದ ಲಾಳದ ಮೊಳೆ, ಸಿಡಿದ ಲಾರಿ ಟೈರಿನೊಳಗಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ ಇವೆಲ್ಲ ಈ ಜಾತಿಗೆ ಸೇರಿದವು. ಮೊಳೆ ಕಣ್ಣಿಗೆ ಬೀಳುತ್ತದೆ. ತಂತಿಯ ಚೂರು ಬೀಳುವುದಿಲ್ಲ. ಆದುದರಿಂದ ಅದೇ ಹೆಚ್ಚು ಅಪಾಯಕಾರಿ.

ಕವಚದ ಒಳಗುಟ್ಟು

ಗಾಳಿ ತುಂಬಿದ ಗಾಲಿಯ ಕಲ್ಪನೆಗೆ 1845ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್. ಅದು ಮರೆತುಹೋಗಿ, 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಕೊಂಡ. ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ಅವನು ಮಾಡಿದ ಉಪಾಯವೇ ಲೋಕದ ಗಾಲಿಗಳನ್ನೆಲ್ಲ ಮೃದುವಾಗಿಸಿತು. ಗಾಳಿಯ ಸುಖದ ಜೊತೆಗೆ ಪಂಕ್ಚರಿನ ದುಃಖವೂ ಅಂದೇ ಹುಟ್ಟಿತು.

ಟೈರಿನ ಮೈ ಮೂರು ಭಾಗದ್ದು. ರಿಮ್ಮನ್ನು ಹಿಡಿದುಕೊಳ್ಳುವ ಅಂಚಿನ ತಂತಿ ಒಂದು. ಗಾಳಿಯ ಒತ್ತಡವನ್ನು ತಾಳುವ ನೂಲೆಳೆಗಳ ಹೊದಿಕೆ ಎರಡು. ನೆಲವನ್ನು ತುಳಿಯುವ ರಬ್ಬರು ಮೂರು. ಪಂಕ್ಚರ್ ತಡೆಯುವ ಟೈರುಗಳಲ್ಲಿ ರಬ್ಬರಿಗೂ ನೂಲಿಗೂ ನಡುವೆ ನಾಲ್ಕನೆಯದೊಂದು ಪಟ್ಟಿ ಸೇರುತ್ತದೆ.

ಈ ಪಟ್ಟಿಗಳಲ್ಲಿ ಎರಡು ಬಗೆ. ಒಂದು ಬಿಗಿಯಾದ ನೇಯ್ಗೆಯದು. ಅಮೆರಿಕದ ರಸಾಯನವಿಜ್ಞಾನಿ ಸ್ಟೆಫನಿ ಕ್ವಾಲೆಕ್ 1965ರಲ್ಲಿ ಕಂಡುಹಿಡಿದ ಕೆವ್ಲಾರ್ ಎಂಬ ಎಳೆಯನ್ನು ಇದಕ್ಕೆ ಬಳಸುವುದುಂಟು. ಗುಂಡು ತಡೆಯುವ ಅಂಗಿಗಳಲ್ಲಿಯೂ ಇರುವುದು ಇದೇ ಎಳೆ. ಇನ್ನೊಂದು ದಪ್ಪನೆಯ ಮೆತ್ತನೆ ರಬ್ಬರಿನದು. ಜರ್ಮನಿಯ ಶ್ವಾಲ್ಬೆ ಸಂಸ್ಥೆಯ ‘ಮ್ಯಾರಥಾನ್ ಪ್ಲಸ್’ ಟೈರಿನಲ್ಲಿ ಈ ಪದರದ ದಪ್ಪ 5 ಮಿಲಿಮೀಟರು.

ಗುಂಡನ್ನೇ ತಡೆಯುವ ಎಳೆಗೆ ಮುಳ್ಳು ಯಾವ ಲೆಕ್ಕವೆಂದು ಕೊಳ್ಳುವವನಿಗೆ ತೋರುವುದು ಸಹಜ. ಸಂಗತಿ ಹಾಗಿಲ್ಲ. ಗಾಜಿನ ಚೂರು ಕತ್ತರಿಸಿಕೊಂಡು ಬರುತ್ತದೆ. ಅದನ್ನು ನೇಯ್ಗೆ ಚೆನ್ನಾಗಿ ತಡೆಯುತ್ತದೆ. ಮುಳ್ಳು ಕತ್ತರಿಸುವುದಿಲ್ಲ, ಸೂಜಿ ಬಟ್ಟೆಯಲ್ಲಿ ತೂರುವಂತೆ ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ನುಗ್ಗುತ್ತದೆ. ಅದಕ್ಕೆ ಬೇಕಾದುದು ಬಿಗುವಲ್ಲ, ದೂರ. ಮುಳ್ಳಿನ ತುದಿ ಟ್ಯೂಬನ್ನು ತಲುಪುವಷ್ಟರಲ್ಲಿ ಅದರ ಉದ್ದ ಮುಗಿದುಹೋಗಬೇಕು. ಆದುದರಿಂದ ಗಾಜು ಹೆಚ್ಚಾದ ಪಟ್ಟಣದ ಬೀದಿಗೆ ನೇಯ್ಗೆಯ ಪಟ್ಟಿ ಸಾಕು. ನೆಗ್ಗಿನ ಮುಳ್ಳಿನ ನಾಡಿಗೆ ದಪ್ಪ ಪದರವೇ ಮೇಲು. ಎರಡಂಗುಲದ ಜಾಲಿಮುಳ್ಳು ನೆಟ್ಟಗೆ ನಾಟಿದರೆ ಯಾವ ಟೈರೂ ಉಳಿಯದು. ‘ಪಂಕ್ಚರೇ ಆಗದು’ ಎಂಬ ಮಾತನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಈ ರಕ್ಷಣೆಗೆ ತೆರಬೇಕಾದ ಬೆಲೆಯೂ ಉಂಟು. ದಪ್ಪ ಟೈರು ತೂಕದ್ದು. ತುಳಿಯುವ ಕಾಲಿಗೆ ಅದರ ಅರಿವಾಗುತ್ತದೆ. ಪದರವಿರುವುದು ನೆಲ ಮುಟ್ಟುವ ಭಾಗಕ್ಕೆ ಮಾತ್ರ. ಪಕ್ಕಗಳು ತೆಳುವಾಗಿಯೇ ಇರುತ್ತವೆ. ಪಂದ್ಯಕ್ಕೆ ಓಡಿಸುವವನಿಗೆ ಇದು ಹೊರೆ. ಪಾಳಿಯ ಹೊತ್ತಿಗೆ ಹಾಜರಾಗಬೇಕಾದವನಿಗೆ ಇದು ಭರವಸೆ.

ಅಳತೆ, ಅಗಲ, ಹಲ್ಲು

ಟೈರಿನ ಪಕ್ಕದಲ್ಲಿ ಎರಡು ಅಂಕೆಗಳನ್ನು ಅಚ್ಚೊತ್ತಿರುತ್ತಾರೆ. 40-635 ಎಂದಿದ್ದರೆ ಟೈರಿನ ಅಗಲ 40 ಮಿಲಿಮೀಟರು. ರಿಮ್ಮಿನ ಮೇಲೆ ಅದು ಕೂರುವ ವೃತ್ತದ ವ್ಯಾಸ 635 ಮಿಲಿಮೀಟರು. ಹಾಲಿನವರೂ ಅಂಚೆಯವರೂ ತುಳಿದ ನಮ್ಮ ಹಳೆಯ ದೊಡ್ಡ ಕಪ್ಪು ಸೈಕಲ್ಲಿನ 28 ಅಂಗುಲದ ಟೈರು ಇದೇ. ಆದರೆ ‘26 ಅಂಗುಲ’ ಎಂಬ ಒಂದೇ ಹೆಸರಿನಲ್ಲಿ 559ರದೂ 590ರದೂ ಮಾರಾಟಕ್ಕಿವೆ. ಒಂದರ ರಿಮ್ಮಿಗೆ ಇನ್ನೊಂದು ಕೂರದು. ಅಂಗುಲವನ್ನು ನಂಬದೆ ಹಳೆಯ ಟೈರಿನ ಮಿಲಿಮೀಟರನ್ನು ಬರೆದುಕೊಂಡು ಹೋಗುವುದು ಜಾಣತನ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಕಡೆಗೆ ಗಂಟುಮೂಟೆಯೊಡನೆ ಸೈಕಲ್ ಪ್ರವಾಸ ಹೊರಡುವ ಪಟ್ಟಣದ ತರುಣರು ಹೊರೆಗೆ ತಕ್ಕಂತೆ ಅಗಲವಾದ ಟೈರನ್ನು ಆರಿಸಬೇಕು. ಅಗಲ ಹೆಚ್ಚಿದರೆ ಕಡಿಮೆ ಒತ್ತಡದಲ್ಲಿಯೇ ಭಾರ ಹೊರಬಹುದು, ಕುಲುಕೂ ಕಡಿಮೆ. ಆದರೆ ಫೋರ್ಕಿಗೂ ಮಡ್‌ಗಾರ್ಡಿಗೂ ಟೈರು ತಾಗದಷ್ಟು ಎಡೆಯಿದೆಯೇ ಎಂದು ಮೊದಲೇ ನೋಡಬೇಕು. ಮಳೆಗಾಲದಲ್ಲಿ ಈ ಸೀಮೆಯ ಎರೆಮಣ್ಣು ಆ ಎಡೆಯಲ್ಲಿ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ದೊಡ್ಡ ಹಲ್ಲುಗಳ ಟೈರು ನೋಡಲು ಗಂಭೀರ. ಡಾಂಬರಿನ ಮೇಲೆ ಅದು ಶ್ರಮವನ್ನು ಹೆಚ್ಚಿಸುತ್ತದೆಯೇ ಹೊರತು ಹಿಡಿತವನ್ನಲ್ಲ.

ಗಾಳಿಯೂ ಒಂದು ಕವಚ

ಎಷ್ಟೋ ಪಂಕ್ಚರುಗಳಿಗೆ ಮುಳ್ಳು ಕಾರಣವೇ ಅಲ್ಲ. ಗಾಳಿ ಕಡಿಮೆಯಾದ ಗಾಲಿ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿನ ಅಂಚುಗಳಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಹಾವು ಕಚ್ಚಿದಂತೆ ಅಕ್ಕಪಕ್ಕದಲ್ಲಿ ಎರಡು ಸೀಳು ಕಂಡರೆ ತಪ್ಪು ರಸ್ತೆಯದಲ್ಲ, ಪಂಪನ್ನು ಮುಟ್ಟದವನದು. ರಂಧ್ರ ಟ್ಯೂಬಿನ ಒಳಮಗ್ಗುಲಲ್ಲಿದ್ದರೆ, ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿದೆಯೆಂದು ತಿಳಿಯಬೇಕು. ರಂಧ್ರವೇ ಕಾಣದೆ ಗಾಳಿ ಮಾತ್ರ ಇಳಿಯುತ್ತಿದ್ದರೆ ವಾಲ್ವಿನ ಪುಟ್ಟ ರಬ್ಬರು ನಳಿಕೆ ಹಳತಾಗಿರುವ ಸಂಭವವೇ ಹೆಚ್ಚು. ವಾಲ್ವಿಗೆ ಸಾಬೂನಿನ ನೀರು ಸವರಿದರೆ ಗುಳ್ಳೆಗಳೇ ಸಾಕ್ಷಿ ಹೇಳುತ್ತವೆ. ಟೈರಿನ ಮೇಲೆ ನಮೂದಿಸಿದ ಮಿತಿಯೊಳಗೆ, ವಾರಕ್ಕೊಮ್ಮೆಯಾದರೂ ಗಾಳಿ ತುಂಬುವ ಮನೆಯಲ್ಲಿ ಅರ್ಧ ತೊಂದರೆ ತಾನಾಗಿ ತಪ್ಪುತ್ತದೆ.

ಗಾಳಿ ತುಂಬುವ ಹೊತ್ತಿಗೇ ಗಾಲಿಯನ್ನು ನಿಧಾನವಾಗಿ ತಿರುಗಿಸಿ, ರಬ್ಬರಿನಲ್ಲಿ ಕುಳಿತ ಚೂರುಗಳನ್ನು ತೆಗೆದುಹಾಕಬೇಕು. ಮುಳ್ಳು ಒಂದೇ ಏಟಿಗೆ ಟ್ಯೂಬನ್ನು ಸೇರುವುದು ಕಡಿಮೆ. ದಿನವೂ ತುಸುತುಸುವೇ ಒಳಗೆ ಸರಿಯುತ್ತದೆ. ಪಂಕ್ಚರ್ ಆದ ಮೇಲೆ ಟ್ಯೂಬಿಗೆ ತೇಪೆ ಹಾಕಿ ಟೈರನ್ನು ಹಾಗೆಯೇ ಏರಿಸಿದರೆ, ಒಳಗೆ ಉಳಿದ ಅದೇ ಮುಳ್ಳು ಮರುದಿನ ಮತ್ತೆ ಚುಚ್ಚುತ್ತದೆ. ಬೆರಳಿಗೆ ಬದಲು ಹತ್ತಿಯ ಬಟ್ಟೆಯನ್ನು ಟೈರಿನ ಒಳಮೈಗೆ ಸುತ್ತಲೂ ಸವರಿದರೆ, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿನ ತುದಿ ಸಿಕ್ಕುತ್ತದೆ.

ದುಬಾರಿ ಟೈರಿಗೆ ಅನುಕೂಲವಿಲ್ಲದವರು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸುವುದುಂಟು. ಈ ಉಪಾಯ ಕೆಟ್ಟದ್ದಲ್ಲ. ತುದಿಗಳು ಮಡಿಚಿ ಹೊಸ ಟ್ಯೂಬನ್ನು ಉಜ್ಜದಂತೆ ಎಚ್ಚರ ವಹಿಸಬೇಕು. ರಂಧ್ರವನ್ನು ಒಳಗಿನಿಂದಲೇ ಮುಚ್ಚುವ ದ್ರವವೂ ಮಾರುಕಟ್ಟೆಯಲ್ಲಿದೆ. ನೆಗ್ಗಿನ ಮುಳ್ಳಿನಂಥ ಸಣ್ಣ ಚುಚ್ಚಿಗೆ ಅದು ಒದಗುತ್ತದೆ, ಸೀಳಿಗೆ ಒದಗದು. ದೂರ ಹೋಗುವವರ ಚೀಲದಲ್ಲಿ ಒಂದು ಟ್ಯೂಬು, ತೇಪೆ, ಸೊಲ್ಯೂಷನ್, ಟೈರು ಬಿಚ್ಚುವ ಪಟ್ಟಿ ಮತ್ತು ಕೈಪಂಪು ಇರಲೇಬೇಕು. ಒಂದೇ ಹೊಸ ಟೈರು ಕೊಂಡಾಗ ಅದನ್ನು ಮುಂದಕ್ಕೆ ಹಾಕಿ, ಮುಂದಿನದನ್ನು ಹಿಂದಕ್ಕೆ ಸಾಗಿಸುವುದು ಕ್ಷೇಮ. ಹಿಂದಿನ ಗಾಲಿ ಸಿಡಿದರೆ ಸವಾರ ಇಳಿಯುತ್ತಾನೆ; ಮುಂದಿನದು ಸಿಡಿದರೆ ಬೀಳುತ್ತಾನೆ.

ಬೆಲೆಯ ಲೆಕ್ಕ

ಅಗ್ಗದ ಟೈರಿನ ಬೆಲೆ ಅಂಗಡಿಯ ಚೀಟಿಯಲ್ಲಿ ಪೂರ್ತಿ ಬರೆದಿರುವುದಿಲ್ಲ. ತಿಂಗಳಿಗೆ ಎರಡು ಪಂಕ್ಚರಾದರೆ ವರ್ಷಕ್ಕೆ 24. ಅಷ್ಟು ಸಲ ತೇಪೆಯ ಹಣ, ಅಷ್ಟು ಸಲ ದಾರಿಯಲ್ಲಿ ಕಳೆದ ಹೊತ್ತು, ತಪ್ಪಿದ ಪಾಳಿಯ ಕೂಲಿ ಇವನ್ನೆಲ್ಲ ಕೂಡಿಸಿದರೆ ಒಳ್ಳೆಯ ಟೈರು ದುಬಾರಿಯೆಂಬ ಮಾತು ನಿಲ್ಲುವುದಿಲ್ಲ.

ಹಣದಲ್ಲಿ ಅಳೆಯಲಾಗದ ಲೆಕ್ಕವೂ ಒಂದುಂಟು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ, ದೂರದ ಪ್ರೌಢಶಾಲೆ ಅನೇಕ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಆದರೆ ಶಾಲೆಯನ್ನು ಹತ್ತಿರ ತರುವುದು ಸೈಕಲ್ಲಲ್ಲ, ಓಡುವ ಸೈಕಲ್ಲು. ಕಬ್ಬಿನ ನಡುವಿನ ನಿರ್ಜನ ಹಾದಿಯಲ್ಲಿ ಸಂಜೆಯ ಹೊತ್ತು ಗಾಳಿಯಿಳಿದ ಸೈಕಲ್ಲನ್ನು ತಳ್ಳಿಕೊಂಡು ಬಂದ ಮಗಳನ್ನು ನೋಡಿದ ತಾಯಿ, ಮರುದಿನ ಕಳಿಸಲು ಹಿಂಜರಿದರೆ ಆಕೆಯನ್ನು ಹಳಿಯಲಾಗದು. ಅಂಥ ಮನೆಯಲ್ಲಿ ಸೈಕಲ್ಲಿಗೆ ನಾಲ್ಕು ಕಾಸು ಖರ್ಚು ಮಾಡಬೇಕಾದಾಗ ಬುಟ್ಟಿ, ಗಂಟೆ, ಬಣ್ಣಗಳೆಲ್ಲ ಆಮೇಲೆ ಬರಲಿ. ಮೊದಲು ಬರಬೇಕಾದುದು ದಪ್ಪನೆಯ ಎರಡು ಟೈರು, ಮನೆಯದೇ ಆದ ಒಂದು ಪಂಪು, ಮತ್ತು ತೇಪೆ ಹಾಕುವುದನ್ನು ಮಗಳಿಗೇ ಕಲಿಸಿಕೊಡುವ ಒಂದು ಭಾನುವಾರ.