ಕಬ್ಬಿಣಕ್ಕೆ ನಂಬರ್ ಅದ, ನಮ್ಮ ಮಂದಿಗೆ ಹೆಸರಿಲ್ಲ

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಫೀಸ್ ಕಟ್ಟಡಗಳ ಫೋಟೋ ಹಾಕಿ "ಕರ್ನಾಟಕದ ಹೆಮ್ಮೆ" ಅಂತ ಬರೆಯೋರಿಗೆ ಒಂದೇ ಪ್ರಶ್ನೆ: ಅಲ್ಲಿ ಕಬ್ಬಿಣ ಹೊತ್ತವರು ಯಾರು? ಯಾದಗಿರಿ, ಶಹಾಪುರ, ಸುರಪುರದ ಕೇರಿ, ತಾಂಡಾಗಳಿಗೆ ಬಂದು ನೋಡ್ರಿ. ಎಷ್ಟೋ ಮನಿಗೆ ಬೀಗ. ಉಳಿದ ಮನ್ಯಾಗ ಮುದುಕರು, ಮಕ್ಕಳು. ದುಡಿಯೋರೆಲ್ಲ ಬೆಂಗಳೂರಿಗಿ ಹೋಗ್ಯಾರ.

"ನಾರಾಯಣಪುರ ಡ್ಯಾಂ ಆಯ್ತು, ಕಾಲುವೆ ಬಂತು, ಇನ್ನೂ ಯಾಕ ಗುಳೆ?" ಅಂತ ಕೇಳ್ತಾರೆ. ಕಾಲುವೆ ನೀರು ಹೊಲಕ್ಕ ಹರೀತದ. ಹೊಲ ಯಾರದು, ಅದನ್ನ ಕೇಳ್ರಿ ಮೊದಲು.

ಈಗ ಸೈಟಿನ ಲೆಕ್ಕ. ಸ್ಟೀಲ್ ಚೌಕಟ್ಟಿನ ಕಟ್ಟಡಕ್ಕೆ ಬರೋ ಉಕ್ಕಿಗೆ ಹೀಟ್ ನಂಬರ್ ಇರುತ್ತೆ, ಟೆಸ್ಟ್ ಸರ್ಟಿಫಿಕೇಟ್ ಇರುತ್ತೆ, ತೂಕದ ಚೀಟಿ ಇರುತ್ತೆ. ಯಾವ ತೊಲೆ ಯಾವ ಅಂತಸ್ತಿಗೆ ಅಂತ ಅದರ ಮೈಮೇಲೇ ಬರೆದಿರುತ್ತೆ. ಬೋಲ್ಟಿನ ತಲೆ ಮೇಲೆ 8.8 ಅಂತ ಅಚ್ಚು. ತೊಲೆ ಬಾಗಿದರೆ ಯಾವ ಕಾರ್ಖಾನೆ, ಯಾವ ಪಾಕ ಅಂತ ಹುಡುಕಿ ತೆಗೀತಾರೆ. ಅದೇ ತೊಲೆಯಿಂದ ನಮ್ಮ ಹುಡುಗ ಬಿದ್ದರೆ? ಕಂಪನಿ ಗುತ್ತಿಗೆದಾರನ ಕಡೆ ಕೈ ತೋರಿಸ್ತದ, ಗುತ್ತಿಗೆದಾರ ಮೇಸ್ತ್ರಿ ಕಡೆ. ಮೇಸ್ತ್ರಿ ಫೋನ್ ಸ್ವಿಚ್ ಆಫ್.

ಇದನ್ನ ಮರೆವು ಅಂತ ಯಾರೂ ಕರೀಬ್ಯಾಡ್ರಿ. ಹೆಸರು ಬರೆದರೆ ಪಿಎಫ್ ಕಟ್ಟಬೇಕು, ಸತ್ತರೆ ಪರಿಹಾರ ಕೊಡಬೇಕು. 1996ರ ಕಾಯ್ದೆಯಲ್ಲೇ ಕಾರ್ಮಿಕರ ರಿಜಿಸ್ಟರು, ಪುಕ್ಕಟೆ ವಸತಿ, 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯೋ ಕಡೆ ಕೂಸಿನ ಕೋಣೆ, ಎಲ್ಲ ಬರೆದಿತ್ತು. ಕಟ್ಟಡದ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕಂತಲೇ ವಸೂಲಿ ಆಗ್ತದ. ಆದರೆ ಮಂಡಳಿಯ ಕಾರ್ಡ್ ಬೇಕಂದ್ರೆ 90 ದಿನ ದುಡಿದ ದೃಢೀಕರಣ ತರಬೇಕು. ರಿಜಿಸ್ಟರಿನಲ್ಲೇ ಇಲ್ಲದವರು ಅದನ್ನ ಎಲ್ಲಿಂದ ತರಬೇಕ್ರಿ?

ಇನ್ನೊಂದು ಅನ್ಯಾಯ ಕೇಳ್ರಿ. 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಇತ್ತು. 2020ರ ಹೊಸ ಸಂಹಿತೆಯಲ್ಲೂ ಅದೇ ಗೆರೆ. ಗುರುಮಠಕಲ್ ದಾಟಿ ತೆಲಂಗಾಣಕ್ಕೆ ದುಡಿಯಲು ಹೋದರೆ ನಾವು ವಲಸೆ ಕಾರ್ಮಿಕರು. ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಹೋದರೆ ಯಾರೂ ಅಲ್ಲ!

ಯಾರೂ ಅಲ್ಲದವರ ಗತಿ ಏನಂತ 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ನೋಡಿದ್ದೇವೆ. "ಬಾಂಗ್ಲಾದವರು" ಅಂತ ಹೇಳಿ ಶೆಡ್ ಕೆಡವಿದರು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು.

ನಮ್ಮ ಬೇಡಿಕೆ ಮೂರು. ಮೊದಲ ದಿನವೇ ಪ್ರತಿ ಕಾರ್ಮಿಕರ ಹೆಸರು ಬಿಲ್ಡರ್‌ನ ರಿಜಿಸ್ಟರಿನಲ್ಲಿ ಬರಬೇಕು, ಹೊಣೆ ಅವನದೇ. ಜಿಲ್ಲೆ ದಾಟಿ ಗುಳೆ ಹೋದವರನ್ನೂ ವಲಸೆ ಕಾರ್ಮಿಕರು ಅಂತ ಸರ್ಕಾರ ಒಪ್ಪಬೇಕು. ನಮ್ಮ ಹುಡುಗರಿಗೆ ವೆಲ್ಡಿಂಗ್, ಫಿಟ್ಟಿಂಗ್ ಕಲಿಸಬೇಕು. ಜೀವನಪೂರ್ತಿ ಹೆಲ್ಪರ್ ಆಗಿರೋಕೆ ನಾವು ಹುಟ್ಟಿಲ್ಲ.

ಸರ್ಕಾರ ಮಾಡೋತನಕ ಕಾಯೋದು ಬ್ಯಾಡ. ಪ್ರತಿ ಕೇರಿಯಲ್ಲಿ ಒಂದು ಗುಳೆ ಪುಸ್ತಕ ಇಡ್ರಿ. ಬಸ್ ಹತ್ತೋ ಮುಂಚೆ ಹೆಸರು, ಮೇಸ್ತ್ರಿ ನಂಬರ್, ಸೈಟಿನ ವಿಳಾಸ ಬರೆಸ್ರಿ. ಅದರ ಒಂದು ಪ್ರತಿ ಪಂಚಾಯತಿಗೆ, ಒಂದು ಕಾರ್ಮಿಕ ಇಲಾಖೆಗೆ ಕೊಟ್ಟು ಸ್ವೀಕೃತಿ ತಗೊಳ್ರಿ. ನಾಳೆ "ಇವರು ನಮ್ಮ ಸೈಟಿನವರಲ್ಲ" ಅಂದಾಗ ಮುಖಕ್ಕೆ ಹಿಡಿಯೋಕೆ ಒಂದು ಕಾಗದ ಇರಲಿ.

ಜೈ ಭೀಮ್.