ಗ್ರಹಣ ಹಿಡಿದಾಗ ಬಾಗಿಲು ಹಾಕಿಕೊಳ್ಳುವುದು ಸರಿಯೇ?



ಆಕಾಶದ ಅದ್ಭುತಗಳ ಬಗ್ಗೆ ಬರೆಯಿರಿ ಎಂದರೆ ನಾವೆಲ್ಲ ಕಪ್ಪು ಕುಳಿ, ಧೂಮಕೇತು, ಹಾರುವ ತಟ್ಟೆ ಅಂತ ಶುರು ಮಾಡುತ್ತೇವೆ. ಕಪ್ಪು ಕುಳಿಯನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ, ನೋಡುವುದೂ ಇಲ್ಲ. ಆದರೆ ಕರೆಯದೆ ನಮ್ಮ ಅಂಗಳಕ್ಕೇ ಬರುವ ಅದ್ಭುತ ಒಂದಿದೆ. ಅದೇ ಸೂರ್ಯಗ್ರಹಣ. ಅದು ಬಂದ ದಿನವೇ ನಾವು ಕದ ಹಾಕಿಕೊಂಡು ಒಳಗೆ ಕೂಡುತ್ತೇವೆ! ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಗ್ರಹಣದ ದಿನ ಶಾಲೆ ಬೇರೆ ದಿನಕ್ಕಿಂತ ಹೆಚ್ಚು ತುಂಬಬೇಕು.

2019ರ ಡಿಸೆಂಬರ್ 26, ಗುರುವಾರ ಬೆಳಿಗ್ಗೆ ಸೂರ್ಯಗ್ರಹಣವಾಯಿತು. ಆಗ ನಾನು ಮೂರನೇ ತರಗತಿ. ಅವತ್ತು ಶಾಲೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಬಿಸಿಯೂಟದ ಅನ್ನ ಹಾಗೇ ಉಳಿಯಿತು. "ಹೊರಗ ಹೋಗಬ್ಯಾಡ, ಗ್ರಹಣ ಹಿಡದೈತಿ" ಅಂತ ಎಲ್ಲರ ಮನೆಯಲ್ಲೂ ಒಂದೇ ಮಾತು. ಅದೇ ಹೊತ್ತಿಗೆ ಮಂಗಳೂರು, ಕೊಡಗಿನ ಕಡೆ ಸೂರ್ಯ ಬಂಗಾರದ ಬಳೆಯಂತೆ ಕಾಣುತ್ತಿದ್ದ. ಅದನ್ನು ನೋಡಲು ದೂರದೂರದಿಂದ ಜನ ಬಂದಿದ್ದರು. ನಮ್ಮ ಕಡೆ ಬಳೆ ಆಗಲಿಲ್ಲ, ಆದರೂ ಸೂರ್ಯ ಎಳೆಯ ಚಂದ್ರನ ಹಾಗೆ ಆಗಿದ್ದ. ನಮ್ಮೂರಲ್ಲಿ ಅದನ್ನು ಕಂಡವರು ಎಷ್ಟು ಜನ? ಕೈ ಎತ್ತಿರಿ ನೋಡೋಣ.

ಗ್ರಹಣ ಎಂದರೆ ಬೇರೇನೂ ಅಲ್ಲ, ನೆರಳು. ಅಮಾವಾಸ್ಯೆಯ ದಿನ ಚಂದ್ರ ನಮಗೂ ಸೂರ್ಯನಿಗೂ ನಡುವೆ ಬಂದರೆ ಅವನ ನೆರಳು ಭೂಮಿಯ ಮೇಲೆ ಬೀಳುತ್ತದೆ. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಯಾಕೆ ಆಗುವುದಿಲ್ಲ ಅಂತ ಕೇಳಬಹುದು. ಚಂದ್ರ ತಿರುಗುವ ದಾರಿ ಸುಮಾರು 5 ಡಿಗ್ರಿ ಓರೆಯಾಗಿದೆ. ಹೀಗಾಗಿ ಹೆಚ್ಚಿನ ಅಮಾವಾಸ್ಯೆಗಳಲ್ಲಿ ಅವನ ನೆರಳು ಭೂಮಿಯ ಮೇಲುಗಡೆಯೋ ಕೆಳಗಡೆಯೋ ತಪ್ಪಿ ಹೋಗುತ್ತದೆ.

ನನಗೆ ಇದರಲ್ಲಿ ಅತ್ಯಂತ ಸೋಜಿಗ ಅನ್ನಿಸಿದ್ದು ಒಂದು ಲೆಕ್ಕ. ಸೂರ್ಯನ ಅಡ್ಡಳತೆ ಚಂದ್ರನ ಸುಮಾರು 400 ಪಟ್ಟು. ಸೂರ್ಯ ಇರುವ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು! ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್, ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್. ಆದ್ದರಿಂದ ಇಬ್ಬರೂ ನಮ್ಮ ಕಣ್ಣಿಗೆ ಒಂದೇ ಗಾತ್ರ. ಒಂದು ರೂಪಾಯಿ ನಾಣ್ಯವನ್ನು ಕಣ್ಣ ಮುಂದೆ ಹಿಡಿದು ದೂರದ ಗುಡಿಯ ಶಿಖರವನ್ನು ಮುಚ್ಚಿದಂತೆ, ಚಿಕ್ಕ ಚಂದ್ರ ದೊಡ್ಡ ಸೂರ್ಯನನ್ನು ಸರಿಯಾಗಿ ಮುಚ್ಚುತ್ತಾನೆ. ಇದೂ ಶಾಶ್ವತವಲ್ಲ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಅಲ್ಲಿ ಇಟ್ಟು ಬಂದ ಪ್ರತಿಫಲಕಕ್ಕೆ ಲೇಸರ್ ಬೆಳಕು ಬಿಟ್ಟು ಇದನ್ನು ಅಳೆಯುತ್ತಾರೆ. ಕೋಟಿಗಟ್ಟಲೆ ವರ್ಷಗಳ ನಂತರ ಸೂರ್ಯನನ್ನು ಪೂರ್ತಿ ಮುಚ್ಚಲು ಚಂದ್ರನಿಗೆ ಆಗುವುದೇ ಇಲ್ಲ. ಅಂದರೆ ನಾವು ಸರಿಯಾದ ಕಾಲದಲ್ಲೇ ಹುಟ್ಟಿದ್ದೇವೆ.

ಇದೆಲ್ಲ ಪರದೇಶದವರ ಮಾತು ಎನ್ನುವವರಿಗೆ ಒಂದು ಉತ್ತರ. ಚಂದ್ರ ಅಡ್ಡ ಬರುವುದರಿಂದ ಸೂರ್ಯಗ್ರಹಣ, ಭೂಮಿಯ ನೆರಳಿನಿಂದ ಚಂದ್ರಗ್ರಹಣ ಎಂದು ನಮ್ಮ ಆರ್ಯಭಟನೇ ಬರೆದಿದ್ದಾನೆ. ಅವನ ಗ್ರಂಥದ ಕಾಲ ಕ್ರಿ.ಶ. 499. ಪಂಚಾಂಗದವರು ಗ್ರಹಣದ ಹೊತ್ತನ್ನು ಮೊದಲೇ ಹೇಳುತ್ತಾರಲ್ಲ, ಅದೂ ಲೆಕ್ಕದಿಂದಲೇ. ಲೆಕ್ಕಕ್ಕೆ ಸಿಗುವಂಥದ್ದಕ್ಕೆ ನಾವು ಹೆದರುವುದೇಕೆ?

ಈಗ ನಮ್ಮ ಬಾಗಲಕೋಟೆ ಜಿಲ್ಲೆಯ ಕಥೆ ಕೇಳಿ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಜಮಖಂಡಿಯ ಮೇಲೆ ಹಾದುಹೋಯಿತು. ಅದನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯವರು ಜಾನ್ ಹರ್ಷೆಲ್ ಎಂಬ ಸೈನ್ಯಾಧಿಕಾರಿಯನ್ನು ನೇಮಿಸಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಇದಾರಲ್ಲ, ಅವರ ಮೊಮ್ಮಗ ಇವರು. ಜಮಖಂಡಿಯಲ್ಲಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಯಂತ್ರ ಹೂಡಿ ಕಾದರು. ಮಳೆಗಾಲ, ಮೋಡ ಬೇರೆ. ಆದರೂ ಮೋಡದ ಸಂದಿಯಲ್ಲಿ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ, ಸೂರ್ಯನ ಅಂಚಿನಲ್ಲಿ ಏಳುವ ಕೆಂಪು ಜ್ವಾಲೆಗಳು ಉರಿಬಿಸಿಯ ಅನಿಲ ಎಂದು ಅವರಿಗೆ ತಿಳಿಯಿತು. ಅದೇ ದಿನ ಆಂಧ್ರದ ಗುಂಟೂರಿನಲ್ಲಿ ಜಾನ್ಸೆನ್ ಎಂಬ ಫ್ರೆಂಚ್ ವಿಜ್ಞಾನಿಯೂ ಇದನ್ನೇ ನೋಡಿದರು. ಆ ಜ್ವಾಲೆಗಳ ಬೆಳಕಿನಲ್ಲಿದ್ದ ಒಂದು ಹಳದಿ ಗೆರೆ, ಆಗ ಗೊತ್ತಿದ್ದ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಇಂಗ್ಲೆಂಡಿನ ಲಾಕಿಯರ್ ಅದೊಂದು ಹೊಸ ಮೂಲವಸ್ತು ಎಂದರು. ಗ್ರೀಕ್ ಭಾಷೆಯಲ್ಲಿ ಸೂರ್ಯನಿಗೆ ಹೀಲಿಯೋಸ್ ಎನ್ನುವುದರಿಂದ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ. ಅಂದರೆ ನಮ್ಮ ಕಾಲ ಕೆಳಗಿನ ವಸ್ತು ಮೊದಲು ಕಂಡದ್ದು ಸೂರ್ಯನಲ್ಲಿ! ಇವತ್ತು ದೊಡ್ಡಾಸ್ಪತ್ರೆಯ ಎಂ.ಆರ್.ಐ. ಯಂತ್ರದ ಕಾಂತವನ್ನು ತಂಪಾಗಿಡುವುದು ಇದೇ ಹೀಲಿಯಂ. ಅವರೂ ನಮ್ಮ ಹಾಗೆ ಕದ ಹಾಕಿಕೊಂಡಿದ್ದರೆ?

ಇನ್ನೊಂದು ಸಲ, 1980ರ ಫೆಬ್ರವರಿ 16ರಂದು, ಪೂರ್ಣ ಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹೋಯಿತು. ಹಾಡುಹಗಲೇ ಕತ್ತಲು, ಅದೂ ಮೂರು ನಿಮಿಷಕ್ಕಿಂತ ಕಡಿಮೆ. ವಿಜ್ಞಾನಿಗಳು ದೂರದರ್ಶಕ ಹಿಡಿದು ಬಂದರು, ಊರ ಜನ ಒಳಗೆ ಕೂತರು. ಆಮೇಲೆ ಇಲ್ಲಿಯವರೆಗೆ ಕರ್ನಾಟಕದ ಮೇಲೆ ಪೂರ್ಣ ಗ್ರಹಣದ ನೆರಳು ಬಿದ್ದಿಲ್ಲ. ಅವತ್ತು ಒಳಗೆ ಕೂತವರಿಗೆ ಅದು ಮತ್ತೆ ಸಿಗಲಿಲ್ಲ.

ಹಿರಿಯರಿಗೆ ಎದುರು ಮಾತಾಡುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಅವರ ಮಾತಿನಲ್ಲಿ ಒಂದು ಪೂರ್ತಿ ನಿಜ ಇದೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು, ನೋಡಿದರೆ ಕಣ್ಣಿನ ಒಳಪರದೆ ಸುಡುತ್ತದೆ. ಸುಡುವಾಗ ನೋವೂ ಗೊತ್ತಾಗುವುದಿಲ್ಲ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಗಣಿ ನೀರು ಯಾವುದೂ ಸುರಕ್ಷಿತವಲ್ಲ. ಆದರೆ ಸೂರ್ಯನ ಕಡೆ ನೋಡಬಾರದು ಎನ್ನುವುದು ಬೇರೆ, ಅಂಗಳಕ್ಕೇ ಬರಬಾರದು ಎನ್ನುವುದು ಬೇರೆ. ಗ್ರಹಣದ ಬಿಸಿಲಿನಲ್ಲಿ ಹೊಸ ವಿಷ ಏನೂ ಇಲ್ಲ. ಅದು ದಿನದ ಬಿಸಿಲೇ, ಸ್ವಲ್ಪ ಕಡಿಮೆ ಅಷ್ಟೆ. ಅದರಿಂದ ಅನ್ನ ಕೆಡುವುದಿಲ್ಲ. ಬಸುರಿ ಹೆಂಗಸರು ನೀರೂ ಕುಡಿಯದೆ ಕೂಡುತ್ತಾರಲ್ಲ, ತ್ರಾಸು ಆಗುವುದು ಆ ಉಪವಾಸದಿಂದ. ಗ್ರಹಣದಾಗ ಮಾತ್ರ ಒನಕೆ ತಾನಾಗೇ ನಿಲ್ಲುತ್ತದೆ ಅಂತಾರೆ. ಬರುವ ಭಾನುವಾರ ನಿಮ್ಮ ಮನೆಯಲ್ಲಿ ತಳ ಸಪಾಟಾದ ಒನಕೆ ಇದ್ದರೆ ಪರಾತದಲ್ಲಿ ನಿಲ್ಲಿಸಿ ನೋಡಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ.

ಇದು ಬರೀ ನಂಬಿಕೆ, ಇದರಿಂದ ಯಾರಿಗೇನು ಕೆಟ್ಟದ್ದು ಅಂತ ಕೆಲವರು ಅನ್ನುತ್ತಾರೆ. ಅದೇ 2019ರ ಗ್ರಹಣದ ದಿನ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು, ವಾಸಿಯಾಗುತ್ತದೆ ಎಂದು. ಪೇಪರಿನಲ್ಲಿ ಫೋಟೋ ಬಂದಿತ್ತು. ಹೂತವರು ವೈರಿಗಳಲ್ಲ, ಹೆತ್ತವರೇ. ಆ ಮಕ್ಕಳು ಅಳುತ್ತಿರುವ ಫೋಟೋ ನೋಡಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. 2027ರ ಆಗಸ್ಟ್ 2 ಸೋಮವಾರ. ಅವತ್ತು ಈಜಿಪ್ಟ್, ಅರೇಬಿಯಾ ಕಡೆ ಪೂರ್ಣ ಸೂರ್ಯಗ್ರಹಣ. ನಮ್ಮ ಕಡೆ ಸಂಜೆಯ ಹೊತ್ತಿಗೆ ಸೂರ್ಯನ ಒಂದು ಭಾಗ ಮಾತ್ರ ಮರೆಯಾಗಿ, ಕಚ್ಚಿದ ರೊಟ್ಟಿಯಂತೆ ಕಾಣುತ್ತದೆ. ಅವತ್ತು ದಯವಿಟ್ಟು ಶಾಲೆಯನ್ನು ಮಧ್ಯಾಹ್ನವೇ ಬಿಡಬೇಡಿ. ಗ್ರಹಣದ ಕನ್ನಡಕಕ್ಕೆ ದುಡ್ಡು ಇಲ್ಲದಿದ್ದರೆ ಚಿಂತೆಯಿಲ್ಲ. ಹಿಟ್ಟಿನ ಜರಡಿಯನ್ನು ಬಿಸಿಲಿಗೆ ಹಿಡಿದರೆ ನೆಲದ ಮೇಲೆ ನೂರು ಪುಟ್ಟ ಸೂರ್ಯರು, ಎಲ್ಲವೂ ಕಚ್ಚಿದಂತೆಯೇ ಬೀಳುತ್ತವೆ. ಬೇವಿನ ಮರದ ಎಲೆಗಳ ಸಂದಿಯಿಂದಲೂ ಹಾಗೇ. ಕನ್ನಡಿಗೆ ಕಾಗದ ಅಂಟಿಸಿ, ಒಂದು ಚಿಕ್ಕ ತೂತು ಬಿಟ್ಟು, ಬಿಸಿಲನ್ನು ಕತ್ತಲೆ ಕೋಣೆಯ ಗೋಡೆಗೆ ಹಾಯಿಸಿದರೆ ಇಡೀ ತರಗತಿ ಒಟ್ಟಿಗೆ ನೋಡಬಹುದು. ಹಿಂದಿನ ದಿನ ಭಾನುವಾರ ಇರುವುದರಿಂದ ಶನಿವಾರವೇ ಪ್ರಾರ್ಥನೆಯ ಹೊತ್ತಿನಲ್ಲಿ ಇದನ್ನು ತಿಳಿಸಿದರೆ ಒಳ್ಳೆಯದು. ನಮ್ಮ ಅವ್ವ, ಆಯಿಯರನ್ನೂ ಕರೆಯಬೇಕು. ಜರಡಿ ಅವರ ಹತ್ತಿರವೇ ಇರುವುದು!

ಆಗಸ್ಟ್ ತಿಂಗಳು, ಮೋಡ ಮುಚ್ಚಿದರೆ ಏನು ಮಾಡೋದು ಅಂತ ಗೆಳೆಯನೊಬ್ಬ ಕೇಳಿದ. ಜಮಖಂಡಿಯಲ್ಲಿ ಹರ್ಷೆಲ್ ಸಾಹೇಬರಿಗೂ ಆಗಸ್ಟೇ ಇತ್ತು, ಮೋಡವೂ ಇತ್ತು. ನಾವೂ ಮೈದಾನದಲ್ಲಿ ಕಾಯೋಣ.